ಅಭಿಮಾನಿಗಳು ಮತ್ತೆ ಕಟ್ಟಿದ ಹಳೇ ಸ್ಟ್ರಾಟಜಿ ಆಟವನ್ನು ಆಡಿ ಮೆಚ್ಚುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಭಿಮಾನಿಗಳು ಮಾಡಿದ ರೀಮೇಕ್ ಅಂದ ಕೂಡಲೇ ನಮ್ಮ ಬಾಗಲಕೋಟೆ ಹುಡುಗರು ಎರಡೇ ಪ್ರಶ್ನೆ ಕೇಳುತ್ತಾರೆ. ಗ್ರಾಫಿಕ್ಸ್ ಹೇಗಿದೆ? ಫ್ರೀ ಸಿಗುತ್ತಾ? ಕೇಳೋದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿಂದ ಶುರು ಮಾಡಿದವರು ಹತ್ತು ನಿಮಿಷ ಆಡಿ, "ಇದರಾಗ ಹೊಸಾದೇನೈತಿ? ಹಳೀ ಚಿತ್ರನ ಅದಾವಲ್ಲ" ಅಂತ ಎದ್ದು ಹೋಗುತ್ತಾರೆ. ಹಳೇದು ಹಳೇದಾಗಿಯೇ ಉಳಿಯಲಿ ಅಂತ ಯಾರೋ ವರ್ಷಗಟ್ಟಲೆ ಕೂತು ಕೆಲಸ ಮಾಡಿದ್ದಾರೆ ಅನ್ನೋದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಅದು ಕಣ್ಣಿಗೆ ಬೀಳಬೇಕಾದರೆ ಆಟವನ್ನು ಸ್ವಲ್ಪ ಬೇರೆ ರೀತಿ ಆಡಬೇಕು. ನನ್ನ ಪ್ರಕಾರ ಒಂದು ರೀಮೇಕ್‌ನ ಗುಣ ತಿಳಿಯೋದು ಅದರಲ್ಲಿ ಏನು ಸೇರಿಸಿದರು ಅನ್ನೋದರಿಂದ ಅಲ್ಲ. ಏನನ್ನು ಮುಟ್ಟದೇ ಬಿಟ್ಟರು ಅನ್ನೋದರಿಂದ. ಅದನ್ನು ಕಂಡುಹಿಡಿಯುವ ದಾರಿಯನ್ನು ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಒಂದೇ ಆಟ ಹಿಡಿದುಕೊಂಡಿದ್ದೇನೆ: 1996ರ "ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 2" ಮತ್ತು ಅದನ್ನು ಅಭಿಮಾನಿಗಳು ಮತ್ತೆ ಕಟ್ಟಿದ "ಎಫ್‌ಹೀರೋಸ್2". ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಬೇರೆ ಆಟ ಇದ್ದರೂ ಪರವಾಗಿಲ್ಲ, ದಾರಿ ಅದೇ.

1. ಇದು ಯಾವ ತರಹದ ರೀಮೇಕ್ ಅಂತ ಮೊದಲು ಗುರುತಿಸಿ

ರೀಮೇಕ್ ಅನ್ನೋ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ.

ಮೊದಲನೆಯದು ಕಂಪನಿಯೇ ತನ್ನ ಆಟವನ್ನು ಮತ್ತೆ ಮಾಡೋದು. ಜಪಾನಿನ "ಫೈರ್ ಎಂಬ್ಲಮ್" ಸರಣಿಯ ಮೊದಲ ಆಟ 1990ರಲ್ಲಿ ಬಂತು. ಅದನ್ನೇ ನಿಂಟೆಂಡೋ 2008ರಲ್ಲಿ ಡಿಎಸ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಹೊಸದಾಗಿ ಮಾಡಿತು. ಇಲ್ಲಿ ಹಕ್ಕಿನ ತಕರಾರು ಬರುವುದಿಲ್ಲ. ಮಾರಾಟ ಆಗಬೇಕು ಅನ್ನೋ ಒತ್ತಡ ಮಾತ್ರ ಇರುತ್ತದೆ.

ಎರಡನೆಯದು, ಅಭಿಮಾನಿಗಳು ಚಿತ್ರ, ಸಂಗೀತ, ನಿಯಮ ಎಲ್ಲವನ್ನೂ ಹೊಸದಾಗಿ ಮಾಡಿ ಹಂಚೋದು. ಇದು ಕತ್ತಿಯ ಮೇಲಿನ ನಡಿಗೆ. "ಕ್ರೋನೋ ಟ್ರಿಗರ್" ಆಟವನ್ನು ಮೂರು ಆಯಾಮದಲ್ಲಿ ಮತ್ತೆ ಮಾಡಲು ಹೊರಟಿದ್ದ ಅಭಿಮಾನಿಗಳಿಗೆ 2004ರಲ್ಲಿ ಆ ಆಟದ ಕಂಪನಿ ಸ್ಕ್ವೇರ್ ಎನಿಕ್ಸ್ ನೋಟಿಸ್ ಕೊಟ್ಟಿತು, ಕೆಲಸ ಅಲ್ಲಿಗೇ ನಿಂತಿತು. "ಮೆಟ್ರಾಯ್ಡ್ 2"ರ ಅಭಿಮಾನಿ ರೀಮೇಕ್ 2016ರ ಆಗಸ್ಟ್‌ನಲ್ಲಿ ಹೊರಬಂತು. ಸ್ವಲ್ಪ ದಿನದಲ್ಲೇ ನಿಂಟೆಂಡೋ ಅದನ್ನು ತೆಗೆಸಿಹಾಕಿತು. ಮರುವರ್ಷ ಅದೇ ಆಟದ ತನ್ನದೇ ರೀಮೇಕ್ ಬಿಟ್ಟಿತು. ಎಲ್ಲಾ ಕಂಪನಿಗಳೂ ಹೀಗೇ ಅಂತಲ್ಲ. "ಹಾಫ್ ಲೈಫ್"ನ ಅಭಿಮಾನಿ ರೀಮೇಕ್ "ಬ್ಲ್ಯಾಕ್ ಮೆಸಾ"ವನ್ನು ಮೂಲ ಆಟದ ಕಂಪನಿ ವಾಲ್ವ್ ತನ್ನ ಆನ್‌ಲೈನ್ ಅಂಗಡಿಯಲ್ಲೇ ಮಾರಲು ಬಿಟ್ಟಿತು, 2020ರಲ್ಲಿ ಅದು ಪೂರ್ತಿಯಾಗಿ ಬಂತು.

ಮೂರನೆಯದೇ ನಮ್ಮದು. ಎಂಜಿನ್ ಮಾತ್ರ ಹೊಸದು. ಎಂಜಿನ್ ಅಂದರೆ ಯಾರು ಎಷ್ಟು ಹೆಜ್ಜೆ ನಡೆಯಬಹುದು, ಬಾಣ ಬಿಟ್ಟರೆ ಎಷ್ಟು ಪೆಟ್ಟು, ಎದುರಾಳಿ ಹೇಗೆ ಯೋಚಿಸಬೇಕು ಅನ್ನೋ ಲೆಕ್ಕ ಮಾಡುವ ಭಾಗ. ಚಿತ್ರ, ಸದ್ದು, ನಕ್ಷೆ ಎಲ್ಲಾ ನೀವು ದುಡ್ಡು ಕೊಟ್ಟು ತಗೊಂಡ ಹಳೇ ಆಟದಿಂದಲೇ ಬರಬೇಕು. ಕಂಪನಿಯ ಸ್ವತ್ತನ್ನು ಇವರು ಹಂಚುವುದೇ ಇಲ್ಲ. ಅದಕ್ಕೇ ಇಂಥ ಯೋಜನೆಗಳು ಬಹಳ ಕಾಲ ಬದುಕುತ್ತವೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಬೆಲೆ ಕಟ್ಟಬೇಡಿ. ಎಫ್‌ಹೀರೋಸ್2ರ ಚಿತ್ರ ಹಳೇದು ಅಂತ ದೂರಿದರೆ, ಅದರ ಕಾನೂನಿನ ಬುನಾದಿಯನ್ನೇ ದೂರಿದ ಹಾಗೆ.

2. ಮೂಲ ಆಟದ ಪರಿಚಯ ಮಾಡಿಕೊಳ್ಳಿ

ಮೂಲ ಗೊತ್ತಿಲ್ಲದವರಿಗೆ ರೀಮೇಕ್ ಬರೀ ಒಂದು ಹಳೇ ಆಟ. ಅದಕ್ಕೇ ಸ್ವಲ್ಪ ಇತಿಹಾಸ.

ಹೀರೋಸ್ 2 ಮಾಡಿದ್ದು ಅಮೆರಿಕದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್, ಅದರ ಮುಖ್ಯಸ್ಥ ಜಾನ್ ವ್ಯಾನ್ ಕ್ಯಾನೆಗಮ್. ಬಿಡುಗಡೆ 1996ರ ಅಕ್ಟೋಬರ್‌ನಲ್ಲಿ. ಪ್ರಕಾಶಕರಾದ ತ್ರೀಡಿಓ ಕಂಪನಿ 2003ರಲ್ಲಿ ದಿವಾಳಿ ಆಯಿತು, ಹೆಸರಿನ ಹಕ್ಕು ಯೂಬಿಸಾಫ್ಟ್ ಕೈಗೆ ಹೋಯಿತು. ಮಾಡಿದವರೇ ಮನೆ ಖಾಲಿ ಮಾಡಿಕೊಂಡು ಹೋದ ಮೇಲೆ ಆ ಆಟದ ದೋಷ ತಿದ್ದುವವರು ಯಾರು? ಅಭಿಮಾನಿಗಳ ಎಂಜಿನ್ ಹುಟ್ಟೋದೇ ಈ ಜಾಗದಲ್ಲಿ.

ಕಥೆ ನಮಗೆ ಹೊಸದಲ್ಲ, ದಾಯಾದಿ ಜಗಳ. ರಾಜ ಐರನ್‌ಫಿಸ್ಟ್ ಸತ್ತ ಮೇಲೆ ಎನ್‌ರಾತ್ ಸಿಂಹಾಸನಕ್ಕೆ ಅವನ ಇಬ್ಬರು ಮಕ್ಕಳು, ರೋಲಂಡ್ ಮತ್ತು ಆರ್ಚಿಬಾಲ್ಡ್, ಹೊಡೆದಾಡುತ್ತಾರೆ. ಯಾರ ಕಡೆ ನಿಲ್ಲಬೇಕು ಅಂತ ನೀವು ಆರಿಸಿಕೊಳ್ಳಬೇಕು. ನಡುವೆ ಪಕ್ಷ ಬದಲಾಯಿಸುವ ಅವಕಾಶವೂ ಸಿಗುತ್ತದೆ. ನನಗಂತೂ ಆರ್ಚಿಬಾಲ್ಡ್ ಕಡೆಯ ಆಟವೇ ಇಷ್ಟ. ಕೆಟ್ಟವನಿಗೆ ಮಾತು ಚೆನ್ನಾಗಿ ಬರೆದಿದ್ದಾರೆ.

ಆಟ ಎರಡು ಪದರದಲ್ಲಿದೆ. ಮೇಲಿನ ಪದರ ನಕ್ಷೆ. ನಿಮ್ಮ ಹೀರೋ ಕುದುರೆ ಮೇಲೆ ತಿರುಗುತ್ತಾ ಗಣಿ ಹಿಡಿಯುತ್ತಾನೆ, ನಿಧಿ ಎತ್ತುತ್ತಾನೆ. ಊರಲ್ಲಿ ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು. ಏಳು ದಿನಕ್ಕೊಮ್ಮೆ ಹೊಸ ಸೈನಿಕರು ಸಿಗುತ್ತಾರೆ. ಚಿನ್ನದ ಗಣಿ ದಿನಕ್ಕೆ 1000 ಚಿನ್ನ ಕೊಡುತ್ತದೆ, ಮರದ ಗಿರಣಿ ದಿನಕ್ಕೆ 2 ಮರ. ಕೆಳಗಿನ ಪದರ ಕಾಳಗ. ಅದು ಆರು ಮೂಲೆಯ ಮನೆಗಳ ಮೈದಾನದಲ್ಲಿ ನಡೆಯುತ್ತದೆ, 11 ಅಗಲ, 9 ಎತ್ತರ.

ಈ ಎರಡನ್ನೂ ಜೋಡಿಸೋದು ಹೀರೋ. ಅವನಿಗೆ ನಾಲ್ಕು ಗುಣ: ದಾಳಿ, ರಕ್ಷಣೆ, ಮಂತ್ರಬಲ, ಜ್ಞಾನ. ಕಲಿಯಲು ಒಟ್ಟು 14 ವಿದ್ಯೆ ಇವೆ, ಒಬ್ಬನಿಗೆ ಎಂಟಕ್ಕಿಂತ ಜಾಸ್ತಿ ದಕ್ಕುವುದಿಲ್ಲ. ಸೈನ್ಯ ಸತ್ತರೆ ಮತ್ತೆ ಕೊಳ್ಳಬಹುದು. ಬೆಳೆದ ಹೀರೋನನ್ನು ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಸ್ಟ್ರಾಟಜಿ ಆಟಕ್ಕೆ ಪಾತ್ರದಾಟದ, ಅಂದರೆ ಒಂದು ಪಾತ್ರವನ್ನು ಬೆಳೆಸುತ್ತಾ ಆಡುವ ಆಟದ, ರುಚಿ ಬರೋದು ಇಲ್ಲಿಂದಲೇ.

3. ಅಳವಡಿಸಿಕೊಳ್ಳುವುದು

ಮೂಲ ಆಟ "ಗೋಲ್ಡ್" ಆವೃತ್ತಿಯಾಗಿ ಜಿಓಜಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕಿದೆ. 1997ರಲ್ಲಿ ಬಂದ "ದ ಪ್ರೈಸ್ ಆಫ್ ಲಾಯಲ್ಟಿ" ಅನ್ನೋ ಮುಂದುವರಿಕೆಯೂ ಅದರಲ್ಲೇ ಬರುತ್ತದೆ. ಕೊಂಡು ಇಳಿಸಿಕೊಳ್ಳಿ.

ಎಫ್‌ಹೀರೋಸ್2 ಗಿಟ್‌ಹಬ್ ಅನ್ನೋ ಕೋಡ್ ಹಂಚುವ ತಾಣದಲ್ಲಿರುವ ಯೋಜನೆಯ ಪುಟದಲ್ಲಿ ಉಚಿತ. ಅಲ್ಲಿಂದಲೇ ತಗೊಳ್ಳಿ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ "ಎಲ್ಲಾ ಸೇರಿಸಿದ ಪ್ಯಾಕ್" ಬೇಡ. ಅದರಲ್ಲಿ ಕದ್ದ ಚಿತ್ರಗಳ ಜೊತೆ ವೈರಸ್ ಬಂದರೂ ಬರಬಹುದು.

ಆಮೇಲೆ ಮೂಲ ಆಟದ ಫೋಲ್ಡರ್ ತೆರೆದು ಅನಿಮ್, ಡೇಟಾ, ಮ್ಯಾಪ್ಸ್, ಮ್ಯೂಸಿಕ್ ಅನ್ನೋ ನಾಲ್ಕು ಫೋಲ್ಡರ್‌ಗಳನ್ನು ಎಫ್‌ಹೀರೋಸ್2 ಇರುವ ಜಾಗಕ್ಕೆ ಕಾಪಿ ಮಾಡಿ. ಆಂಡ್ರಾಯ್ಡ್ ಆದರೆ ಇವನ್ನೇ ಜಿಪ್ ಮಾಡಿ ಕೊಡಬೇಕು. ಆಟ ತೆರೆಯದೇ ತಕರಾರು ಮಾಡಿದರೆ, ಮೊದಲು ಡೇಟಾ ಫೋಲ್ಡರ್‌ನಲ್ಲಿ "ಹೀರೋಸ್2" ಹೆಸರಿನ, ಎಜಿಜಿ ಅಂತ ಕೊನೆಯಾಗುವ ಫೈಲ್ ಇದೆಯಾ ನೋಡಿ. ಚಿತ್ರಗಳೆಲ್ಲಾ ಅದರೊಳಗೇ ಇರೋದು.

ಕೊಳ್ಳುವ ಮುಂಚೆ ರುಚಿ ನೋಡಬೇಕಾ? ಹಳೇ ಡೆಮೋ ಆವೃತ್ತಿಯ ಫೈಲ್‌ಗಳಿಂದಲೂ ಇದು ಓಡುತ್ತದೆ. ಡೆಮೋದಲ್ಲಿ ಕ್ಯಾಂಪೇನ್, ಅಂದರೆ ಕಥೆಯ ಜೊತೆ ಸಾಗುವ ಆಟ, ಇರುವುದಿಲ್ಲ, ಆದರೆ ಒಂದು ಸಂಜೆಗೆ ಸಾಕು.

ನಮ್ಮ ಕಡೆ ಕರೆಂಟ್ ನೆಚ್ಚಿಕೊಂಡು ಕೂರುವ ಹಾಗಿಲ್ಲವಲ್ಲ. ತಾನಾಗಿ ಸೇವ್ ಆಗುವ ಸೌಲಭ್ಯ ಆನ್ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

4. ಮೊದಲ ಸಂಜೆ ಎಲ್ಲಾ ಸೌಕರ್ಯ ಆಫ್ ಮಾಡಿ ಆಡಿ

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಸೆಟಿಂಗ್ಸ್‌ಗೆ ಹೋಗಿ ರೆಸಲ್ಯೂಶನ್ 640×480 ಇಡಿ. ಮೂಲ ಆಟ ಓಡುತ್ತಿದ್ದದ್ದು ಅದರಲ್ಲೇ, 256 ಬಣ್ಣಗಳಲ್ಲಿ. ಕಾಳಗದ ಸೆಟಿಂಗ್ಸ್‌ನಲ್ಲಿ ಪೆಟ್ಟಿನ ಅಂದಾಜು ತೋರಿಸುವುದನ್ನು ಆಫ್ ಮಾಡಿ. ಮುಂದಿನ ಸರದಿ ಯಾರದು ಅಂತ ತೋರಿಸುವ ಪಟ್ಟಿಯನ್ನೂ ಆಫ್ ಮಾಡಿ. ಚಿಕ್ಕ ನಕ್ಷೆ ಒಂದನ್ನು ಆರಿಸಿ, ಮಟ್ಟ ನಾರ್ಮಲ್ ಇಟ್ಟು, ಎರಡು ಮೂರು ವಾರ ಆಡಿ. ಆಟದೊಳಗಿನ ವಾರ, ನಿಮ್ಮದಲ್ಲ.

ಬೇಜಾರಾಗುತ್ತದೆ. ನಕ್ಷೆಯ ಸಣ್ಣ ತುಂಡು ಮಾತ್ರ ಕಾಣುತ್ತದೆ, ಪದೇ ಪದೇ ಸರಿಸಬೇಕು. ಎದುರಿನ ತೋಳಗಳ ಹಿಂಡನ್ನು ಹೊಡೆಯಬಹುದಾ ಇಲ್ಲವಾ ಅಂತ ತಿಳಿಯುವುದಿಲ್ಲ. ಮೌಸ್‌ನ ಬಲಗಡೆ ಬಟನ್ ಒತ್ತಿ ಹಿಡಿದು ಒಂದೊಂದೇ ಪ್ರಾಣಿಯ ವಿವರ ಓದುತ್ತಾ ಕೂರಬೇಕು. ಆ ಬೇಜಾರನ್ನು ನೆನಪಿಟ್ಟುಕೊಳ್ಳಿ. ಎಲ್ಲೆಲ್ಲಿ ಸಿಟ್ಟು ಬಂತು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಮುಂದೆ ಸೌಕರ್ಯಗಳನ್ನು ಒಂದೊಂದಾಗಿ ಆನ್ ಮಾಡುವಾಗ ಈ ಚೀಟಿ ಪಕ್ಕದಲ್ಲಿರಲಿ. ಯಾವ ಸಿಟ್ಟಿಗೆ ಅಭಿಮಾನಿಗಳು ಮದ್ದು ಕೊಟ್ಟರು, ಯಾವುದನ್ನು ಬೇಕಂತಲೇ ಹಾಗೇ ಬಿಟ್ಟರು ಅಂತ ಅದರಿಂದಲೇ ಗೊತ್ತಾಗೋದು.

5. ಒಂದೇ ಕಾಳಗವನ್ನು ಮೂರು ಸಲ ಆಡಿ

ಇಡೀ ಆಟ ಮುಗಿಸುವುದಕ್ಕಿಂತ ಒಂದು ಕಾಳಗವನ್ನು ಹತ್ತಿರದಿಂದ ನೋಡೋದು ಜಾಸ್ತಿ ಕಲಿಸುತ್ತದೆ. ಹೀಗೆ ಮಾಡಿ.

ನೈಟ್ ಅನ್ನೋ ಯೋಧ ಜಾತಿಯ ಹೀರೋ ಒಬ್ಬನನ್ನು ತಗೊಳ್ಳಿ. ಅವನ ಬಳಿ ಹತ್ತು ಬಿಲ್ಲುಗಾರರು, ಒಂದಷ್ಟು ಈಟಿಗಾರರು, ಒಂದಷ್ಟು ರೈತರು ಇರಲಿ. ನಕ್ಷೆಯಲ್ಲಿ ತೋಳಗಳ ಸಣ್ಣ ಹಿಂಡೊಂದು ಕಂಡಾಗ, ಅದರ ಮುಂದೆ ನಿಂತು ಸೇವ್ ಮಾಡಿ.

ಮೊದಲ ಸಲ ಆಟೋ ಬಟನ್ ಒತ್ತಿ ಸುಮ್ನೆ ನೋಡಿ. ಕಂಪ್ಯೂಟರ್ ನಿಮ್ಮ ಕಡೆಯಿಂದ ಆಡುತ್ತದೆ. ಎಷ್ಟು ಜನ ಸತ್ತರು ಬರೆದುಕೊಳ್ಳಿ.

ಎರಡನೇ ಸಲ ಸೇವ್ ತೆರೆದು ನೀವೇ ಆಡಿ, ಅಂದಾಜು ತೋರಿಸುವುದು ಆಫ್ ಇರಲಿ. ಲೆಕ್ಕ ಬಾಯಲ್ಲೇ ಹಾಕಬೇಕು. ಬಿಲ್ಲುಗಾರನ ದಾಳಿ 5, ಒಂದು ಬಾಣದ ಪೆಟ್ಟು 2ರಿಂದ 3. ತೋಳದ ರಕ್ಷಣೆ 2, ಜೀವ 20. ಹೊಡೆಯುವವನ ದಾಳಿ, ತಡೆಯುವವನ ರಕ್ಷಣೆಗಿಂತ ಒಂದಂಕ ಜಾಸ್ತಿ ಇದ್ದರೆ ಪೆಟ್ಟು ಶೇಕಡಾ 10 ಏರುತ್ತದೆ. ಇದು ನಿಯಮ. ನೈಟ್ ಹೀರೋ ಶುರುವಿನಲ್ಲೇ 2 ದಾಳಿ ತರುತ್ತಾನೆ, ಅದು ಅವನ ಸೈನ್ಯಕ್ಕೆಲ್ಲಾ ಸೇರುತ್ತದೆ. ಹಾಗಾಗಿ ಬಿಲ್ಲುಗಾರನ ದಾಳಿ 7. ವ್ಯತ್ಯಾಸ 5, ಅಂದರೆ ಶೇಕಡಾ 50 ಜಾಸ್ತಿ. ಹತ್ತು ಜನರ ಪೆಟ್ಟು 20ರಿಂದ 30 ಇದ್ದದ್ದು 30ರಿಂದ 45 ಆಯಿತು.

ಮೂರನೇ ಸಲ ಅಂದಾಜು ತೋರಿಸುವುದನ್ನು ಆನ್ ಮಾಡಿ, ತೋಳದ ಮೇಲೆ ಮೌಸ್ ಇಡಿ. ಪೆಟ್ಟು 30ರಿಂದ 45, ಸಾಯುವುದು 1 ಅಥವಾ 2 ಅಂತ ಪುಟ್ಟ ಚೌಕದಲ್ಲಿ ಬರುತ್ತದೆ. ನಿಮ್ಮ ಬಾಯಿಲೆಕ್ಕವೂ ಅದೇ. ಆಗ ತಿಳಿಯುತ್ತದೆ: ಈ ಚೌಕ ಹೊಸ ನಿಯಮ ಏನನ್ನೂ ತಂದಿಲ್ಲ. ಮೊದಲಿನಿಂದ ಒಳಗೆ ಇದ್ದ ಲೆಕ್ಕವನ್ನು ಹೊರಗೆ ತೋರಿಸಿದೆ ಅಷ್ಟೇ.

ಈಗ ಇನ್ನೊಂದು ಪ್ರಯೋಗ. ಅದೇ ಹತ್ತು ಬಿಲ್ಲುಗಾರರನ್ನು ವಾರ್‌ಲಾಕ್ ಜಾತಿಯ ಹೊಸ ಹೀರೋ ಕೈಗೆ ಕೊಡಿ. ಅವನು ಮಂತ್ರವಾದಿ, ಶುರುವಿನಲ್ಲಿ ಅವನ ದಾಳಿ ಸೊನ್ನೆ. ವ್ಯತ್ಯಾಸ ಬರೀ 3. ಪೆಟ್ಟು 26ರಿಂದ 39. ಎರಡು ತೋಳ ಸಾಯಬೇಕಾದರೆ 40 ಬೇಕು. ಅಂದರೆ ಆ ಹೀರೋ ಕೈಯಲ್ಲಿ ಅದೇ ಬಿಲ್ಲುಗಾರರು ಮೊದಲ ಸರದಿಯಲ್ಲಿ ಎರಡನೇ ತೋಳವನ್ನು ಕೊಲ್ಲಲಾರರು, ಅದೃಷ್ಟ ಕೈ ಹಿಡಿದು ಪೆಟ್ಟು ದುಪ್ಪಟ್ಟಾಗದಿದ್ದರೆ. ಬರೀ ಎರಡು ಅಂಕ ಇಷ್ಟು ವ್ಯತ್ಯಾಸ ಮಾಡುತ್ತದೆ. ಹೀರೋನನ್ನು ಬೆಳೆಸೋದು ಯಾಕೆ ಮುಖ್ಯ ಅಂತ ಪುಟಗಟ್ಟಲೆ ಬರೆದರೂ ಇಷ್ಟು ಚೆನ್ನಾಗಿ ತಿಳಿಯಲ್ಲ.

ಇಲ್ಲಿ ರೈತರ ಬಗ್ಗೆ ಒಂದು ಮಾತು. ಆಟದಲ್ಲಿ ಒಬ್ಬ ರೈತನ ಬೆಲೆ 20 ಚಿನ್ನ, ದಾಳಿ 1, ರಕ್ಷಣೆ 1, ಜೀವವೂ 1. ನಮ್ಮ ಗುಂಪಿನಲ್ಲಿ ಮುಧೋಳದ ಕಬ್ಬು ಬೆಳೆಗಾರರ ಮನೆ ಹುಡುಗನೊಬ್ಬ ಇದ್ದಾನೆ. ಅದನ್ನು ನೋಡಿ ಅವನು ಅಂದದ್ದು: "ಇಲ್ಲೂ ನಮ್ಮ ರೇಟ್ ಇಷ್ಟೇ ಏನಪಾ!"

6. ಇಲ್ಲದ ಬಟನ್ ಹುಡುಕಿ

ಕಾಳಗದ ಪರದೆಯ ಕೆಳಗೆ ಆಟೋ, ಸೆಟಿಂಗ್ಸ್, ಸ್ಕಿಪ್ ಅಂತ ಬಟನ್‌ಗಳಿವೆ. ಹೀರೋಸ್ 3 ಆಡಿ ಬಂದವರು ಇಲ್ಲಿ "ಕಾಯುವ" ಬಟನ್ ಹುಡುಕುತ್ತಾರೆ. ಅದರಲ್ಲಿ ನಿಮ್ಮ ತುಕಡಿ ಈಗ ಸುಮ್ನಿದ್ದು, ಸುತ್ತಿನ ಕೊನೆಯಲ್ಲಿ ತನ್ನ ಸರದಿ ಆಡಬಹುದು. ಹೀರೋಸ್ 2ರಲ್ಲಿ ಅದು ಇಲ್ಲ. ಸ್ಕಿಪ್ ಒತ್ತಿದರೆ ಸರದಿ ಹೋಯಿತು, ಮುಗಿಯಿತು.

ಎಂಜಿನ್ ಪೂರ್ತಿ ಹೊಸದಾಗಿ ಬರೆಯುವವರಿಗೆ ಈ ಬಟನ್ ಸೇರಿಸುವುದು ದೊಡ್ಡ ಕೆಲಸವೇ ಅಲ್ಲ. ಆದರೂ ಸೇರಿಸಲಿಲ್ಲ. ಯಾಕೆ?

ಮತ್ತೆ ತೋಳಗಳ ಕಡೆ ಹೋಗೋಣ. ಈ ಆಟದಲ್ಲಿ ಹತ್ತಿರ ಹೋಗಿ ಯಾರನ್ನು ಹೊಡೆದರೂ ಸಾಮಾನ್ಯವಾಗಿ ಅವರು ತಿರುಗಿ ಹೊಡೆಯುತ್ತಾರೆ, ಆದರೆ ಒಂದು ಸುತ್ತಿಗೆ ಒಂದೇ ಸಲ. ಹಾಗಾಗಿ ಹಳೇ ಉಪಾಯ ಒಂದಿದೆ. ಮೊದಲು ಯಾರೋ ಒಬ್ಬ ಬಡಪಾಯಿಯನ್ನು ಕಳಿಸಿ ಆ ತಿರುಗೇಟು ತಿನ್ನಿಸಿಬಿಡಿ. ಆಮೇಲೆ ದೊಡ್ಡ ತುಕಡಿ ನಿಶ್ಚಿಂತೆಯಿಂದ ಹೊಡೆಯಲಿ. ಕಾಯುವ ಬಟನ್ ಇದ್ದರೆ ಇದು ಬಹಳ ಸುಲಭ. ಈಟಿಗಾರರನ್ನು ಕಾಯಿಸಿ, 20 ಚಿನ್ನದ ರೈತನನ್ನು ಮುಂದೆ ಬಿಡಿ, ಆಯಿತು. ಇಲ್ಲಿ ಹಾಗೆ ನಡೆಯಲ್ಲ. ರೈತ ಎಲ್ಲರಿಗಿಂತ ನಿಧಾನ, ಅವನ ಸರದಿ ಕೊನೆಗೆ. ಅವನಿಗಿಂತ ಚುರುಕಾದ ಈಟಿಗಾರ ಅವನಿಗಿಂತ ಮೊದಲೇ ಹೊಡೆಯಬೇಕು, ಇಲ್ಲವೇ ಸರದಿ ಕಳೆದುಕೊಳ್ಳಬೇಕು. ಉಪಾಯ ನಡೆಯಬೇಕಾದರೆ ಒಬ್ಬ ಈಟಿಗಾರನನ್ನೇ ಬೇರೆ ಮಾಡಿ ಇನ್ನೊಂದು ಜಾಗದಲ್ಲಿ ನಿಲ್ಲಿಸಬೇಕು. ಇಬ್ಬರದೂ ಒಂದೇ ವೇಗ ಆದ್ದರಿಂದ ಸರದಿ ಹತ್ತಿರ ಹತ್ತಿರ ಬರುತ್ತದೆ. ಆದರೆ ಸೈನ್ಯದಲ್ಲಿ ಇರುವುದೇ ಐದು ಜಾಗ. ಬಲಿಗೆ ಒಂದು ಜಾಗ ಕೊಟ್ಟರೆ ಬೇರೆ ತುಕಡಿಯೊಂದನ್ನು ಮನೆಯಲ್ಲಿ ಬಿಡಬೇಕು.

ಅಂದರೆ ಐದು ಜಾಗದ ಮಿತಿ, ರೈತನ ನಿಧಾನ ನಡಿಗೆ, ಕಾಯುವ ಬಟನ್ ಇಲ್ಲದಿರುವುದು, ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಉಳಿದೆರಡೂ ಸಡಿಲ. ಬಟನ್ ಸೇರಿಸಿದ್ದರೆ ರೈತರೇ ಅತಿ ಬೆಲೆಬಾಳುವ ಸೈನಿಕರಾಗಿಬಿಡುತ್ತಿದ್ದರು. ಅಭಿಮಾನಿಗಳಿಗೆ ಇದು ಗೊತ್ತಿತ್ತು, ಕೈ ಹಚ್ಚಲಿಲ್ಲ.

ನಮ್ಮ ಊರಿನವರಿಗೆ ಇದು ಬೇಗ ಅರ್ಥ ಆಗಬೇಕು. ಹಳೇ ಬಾಗಲಕೋಟೆಯ ದೊಡ್ಡ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಯಿತು, ನವನಗರವನ್ನು ಸೆಕ್ಟರ್ ಲೆಕ್ಕದಲ್ಲಿ ಅಳತೆ ಹಾಕಿ ಕಟ್ಟಿದರು. ರಸ್ತೆ ಅಗಲ, ಚರಂಡಿ ಚೊಕ್ಕ, ಗಾಡಿ ನಿಲ್ಲಿಸಲು ಜಾಗ, ಎಲ್ಲಾ ಇದೆ. ಆದರೂ ನಮ್ಮ ಕಾಕಾ ಸಂಜೆಯಾದರೆ ಉಳಿದಿರುವ ಹಳೇ ಊರಿನ ಕಡೆಗೇ ಗಾಡಿ ತಿರುಗಿಸುತ್ತಾರೆ. ಕೇಳಿದರೆ, "ಅಲ್ಲಿ ಕಟ್ಟಿ ಮ್ಯಾಲ ಕುಂತ್ರ ನಾಕ್ ಮಂದಿ ಸಿಗ್ತಾರಪಾ" ಅಂತಾರೆ. ಇಕ್ಕಟ್ಟು ಅಂತ ನಾವು ಬೈಯುತ್ತಿದ್ದ ಓಣಿಯೇ ಜನರನ್ನು ಸೇರಿಸುತ್ತಿತ್ತು.

ಹಾಗಂತ ಮುಟ್ಟದೇ ಬಿಟ್ಟದ್ದೆಲ್ಲಾ ಒಳ್ಳೇದೇ ಅಂತ ನಾನು ಒಪ್ಪಲ್ಲ. ಆರು ಜಾತಿಯ ಕೋಟೆಗಳ ಬಲ ಸಮ ಇಲ್ಲ. ವಾರ್‌ಲಾಕ್‌ನ ಕರಿ ಡ್ರ್ಯಾಗನ್‌ಗೂ ವಿಝಾರ್ಡ್‌ನ ಟೈಟನ್‌ಗೂ ತಲಾ 300 ಜೀವ. ಅವು ಬಂದು ನಿಂತ ಮೇಲೆ ನೈಟ್ ಕಡೆ ಆಡುವವನ ಪಾಡು ಕೇಳಬೇಡಿ. ಅದನ್ನೂ ಇವರು ಹಾಗೇ ಉಳಿಸಿದ್ದಾರೆ. ನನಗೆ ಇದು ಸ್ವಲ್ಪ ಅತಿ ನಿಷ್ಠೆ ಅನಿಸುತ್ತದೆ. ನೀವು ಆಡಿ ನಿಮ್ಮ ಅಭಿಪ್ರಾಯ ಮಾಡಿಕೊಳ್ಳಿ.

7. ಎದುರಾಳಿಯ ತಲೆಯನ್ನು ಗಮನಿಸಿ

ಕಂಪ್ಯೂಟರ್ ಎದುರಾಳಿ ಹೇಗೆ ಯೋಚಿಸಬೇಕು ಅನ್ನೋ ಭಾಗವನ್ನು ಇವರು ಹೊಸದಾಗಿಯೇ ಬರೆದಿದ್ದಾರೆ. ರೀಮೇಕ್‌ನಲ್ಲಿ ಅತಿ ಹೆಚ್ಚು ಸ್ವಂತಿಕೆ ಇರುವ ಜಾಗ ಇದೇ, ಆದರೆ ಕಣ್ಣಿಗೆ ಕಾಣುವುದೇ ಇಲ್ಲ.

ನೋಡುವ ದಾರಿ: ಎದುರಾಳಿಯ ಊರಿನ ಹತ್ತಿರ ನಿಮ್ಮ ಎರಡನೇ ಹೀರೋ ಒಬ್ಬನನ್ನು ನಿಲ್ಲಿಸಿ, ಒಂದು ವಾರ ಬರೀ ಗಮನಿಸಿ. ಮೊದಲು ಯಾವ ಗಣಿಗೆ ಹೋಗುತ್ತಾನೆ? ಬಲ ಕಡಿಮೆ ಇದ್ದಾಗ ದೂರ ಸರಿಯುತ್ತಾನಾ? ಕಾವಲಿಲ್ಲದ ನಿಮ್ಮ ಊರು ಕಂಡರೆ ಏನು ಮಾಡುತ್ತಾನೆ? ಕಾಳಗದಲ್ಲಿ ಅವನ ತೋಳಗಳು ಎದುರಿಗೆ ಸಿಕ್ಕ ಈಟಿಗಾರರನ್ನು ಹೊಡೆಯುತ್ತವಾ, ಸುತ್ತಿ ಬಂದು ಬಿಲ್ಲುಗಾರರಿಗೆ ಅಂಟಿಕೊಳ್ಳುತ್ತವಾ? ಅಂಟಿಕೊಂಡರೆ ಬಿಲ್ಲುಗಾರರು ಬಾಣ ಬಿಡುವ ಹಾಗಿಲ್ಲ, ಕೈಯಿಂದ ಹೊಡೆದರೆ ಅರ್ಧ ಪೆಟ್ಟು. ಅದನ್ನು ತಿಳಿದು ಆಡುವ ಎದುರಾಳಿ ಸಿಕ್ಕರೆ ಬರೆದವರಿಗೆ ಒಂದು ಶಭಾಷ್ ಹೇಳಿ.

ಐದು ಮಟ್ಟಗಳಿವೆ: ಈಸಿ, ನಾರ್ಮಲ್, ಹಾರ್ಡ್, ಎಕ್ಸ್‌ಪರ್ಟ್, ಇಂಪಾಸಿಬಲ್. ಪರೀಕ್ಷೆಗೆ ಹಾರ್ಡ್ ಸರಿ.

8. ಕಿವಿಗೆ ಹೆಡ್‌ಫೋನ್ ಹಾಕಿ

ಹೀರೋಸ್ 2ರ ಸಂಗೀತ ಪೌಲ್ ರೊಮೆರೋ, ರಾಬ್ ಕಿಂಗ್ ಮತ್ತು ಅವರ ಸಂಗಡಿಗರದು. ಕೋಟೆಯೊಳಗೆ ಹೋದ ಕೂಡಲೇ ಒಪೆರಾ ಗಾಯಕಿ ಹಾಡಲು ಶುರು ಮಾಡುತ್ತಾಳೆ. 1996ರ ಕಂಪ್ಯೂಟರ್ ಆಟದಲ್ಲಿ ಇದು ದೊಡ್ಡ ಧೈರ್ಯ.

ಎಫ್‌ಹೀರೋಸ್2ರ ಆಡಿಯೋ ಸೆಟಿಂಗ್ಸ್‌ನಲ್ಲಿ ಮೂರು ಆಯ್ಕೆ ಇವೆ: ಮೂಲದ ಮಿಡಿ (ಕಂಪ್ಯೂಟರೇ ನುಡಿಸುವ, ಹಾಡಿನ ದನಿ ಇಲ್ಲದ ಸಂಗೀತ), ಮುಂದುವರಿಕೆ ಆವೃತ್ತಿಯ ಮಿಡಿ, ಮತ್ತು ಹೊರಗಿನ ಫೈಲ್‌ಗಳು. ಹಾಡಿನ ದನಿ ಕೇಳಬೇಕಾದರೆ ಮೂರನೆಯದು ಬೇಕು, ಮ್ಯೂಸಿಕ್ ಫೋಲ್ಡರ್ ಸರಿಯಾಗಿ ಕಾಪಿ ಆಗಿರಬೇಕು. ಒಂದೇ ಕೋಟೆಯಲ್ಲಿ ನಿಂತು ಮೂರನ್ನೂ ಬದಲಾಯಿಸಿ ಕೇಳಿ. ಸಂಗೀತದ ಅಭಿಪ್ರಾಯ ಅವರವರಿಗೆ ಬಿಟ್ಟದ್ದು, ಅದಕ್ಕೇ ಇವರು ಮೂರನ್ನೂ ಉಳಿಸಿ ಆಯ್ಕೆ ನಿಮಗೆ ಬಿಟ್ಟಿದ್ದಾರೆ.

9. ಬದಲಾವಣೆಗಳ ಪಟ್ಟಿ ಓದಿ

ಪ್ರತಿ ಹೊಸ ಆವೃತ್ತಿ ಜೊತೆ ಏನು ತಿದ್ದಿದೆವು ಅನ್ನೋ ಪಟ್ಟಿ ಬರುತ್ತದೆ. ಒಣಗಿದ ಓದು, ನಿಜ. ಆದರೂ ಒಂದೆರಡು ಓದಿ. "ಇಂಥ ಚಿತ್ರ ಒಂದು ಚುಕ್ಕಿ ಆಚೆ ಇತ್ತು, ಸರಿಪಡಿಸಿದೆವು" ಅನ್ನೋ ತರಹದ ಸಾಲುಗಳೇ ಜಾಸ್ತಿ. ಆಡುವಾಗ ಯಾರೂ ಗಮನಿಸದ ಕೆಲಸ ಇದು.

10. ಒಂದೇ ಲ್ಯಾಪ್‌ಟಾಪ್, ನಾಲ್ಕು ಜನ

ಹಾಟ್ ಸೀಟ್ ಅಂತ ಒಂದು ಬಗೆ ಇದೆ. ಒಂದೇ ಕಂಪ್ಯೂಟರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಆಡುವುದು. ಈ ಆಟ ನಿಜವಾಗಿ ಅರಳುವುದು ಇಲ್ಲೇ.

ಚಿಕ್ಕ ನಕ್ಷೆ ಆರಿಸಿ, ದೊಡ್ಡದಾದರೆ ಬೆಳಗಾದರೂ ಮುಗಿಯಲ್ಲ. ಒಬ್ಬರು ಆಡುವಾಗ ಉಳಿದವರು ಪರದೆ ನೋಡುವ ಹಾಗಿಲ್ಲ, ಈ ನಿಯಮ ಮೊದಲೇ ಹೇಳಿ. ಒಂದು ಸರದಿಗೆ ಮೂರು ನಿಮಿಷ ಅಂತ ಫೋನಿನಲ್ಲಿ ಟೈಮರ್ ಇಡಿ. ಕಾಯುವವರ ಕೈಗೆ ಕೆಲಸ ಇರಬೇಕು, ಗಿರ್ಮಿಟ್ಟು, ಮಿರ್ಚಿ ತರಿಸಿ. ಆದರೆ ಎಣ್ಣೆ ಕೈಯಲ್ಲಿ ಮೌಸ್ ಮುಟ್ಟಬೇಡಿ ಅಂತ ಕಡ್ಡಾಯ ಮಾಡಿ.

ಹೊಸಬರಿದ್ದರೆ ಅವರಿಗೆ ನೆಕ್ರೊಮ್ಯಾನ್ಸರ್ ಕೊಡಿ. ಗೆದ್ದ ಪ್ರತಿ ಕಾಳಗದ ನಂತರ ಸತ್ತವರಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಅವರ ಸೈನ್ಯ ಸೇರುತ್ತವೆ. ತಪ್ಪು ಮಾಡಿದರೂ ಸೈನ್ಯ ತುಂಬಿಕೊಳ್ಳುತ್ತದೆ. ಹಳಬರು ನೈಟ್ ತಗೊಳ್ಳಲಿ.

11. ವಾಪಸ್ ಏನಾದರೂ ಕೊಡಿ

ಮೆಚ್ಚುಗೆ ಅಂದರೆ ನಕ್ಷತ್ರ ಕೊಟ್ಟು ಸುಮ್ಮನಾಗುವುದಲ್ಲ. ನಾಲ್ಕು ಸಾಲು ಸರಿಯಾಗಿ ಬರೆದ ದೋಷದ ವರದಿ ಅವರಿಗೆ ಹೊಗಳಿಕೆಗಿಂತ ಹೆಚ್ಚು ಬೇಕಾಗಿರುತ್ತದೆ. ಯಾವ ಆವೃತ್ತಿ, ಯಾವ ಯಂತ್ರ, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು ಅಂತ ಬರೆಯಿರಿ. ಸೇವ್ ಫೈಲ್ ಮತ್ತು ಪರದೆಯ ಚಿತ್ರ ಜೊತೆಗೆ ಹಾಕಿ. ಕಳಿಸುವ ಮುಂಚೆ ಅದೇ ದೋಷವನ್ನು ಬೇರೆಯವರು ಹೇಳಿದ್ದಾರಾ ಅಂತ ಹುಡುಕಿ. ಮೂಲ ಆಟದಲ್ಲೂ ಹಾಗೇ ಇತ್ತಾ ಅಂತ ನೋಡಿಕೊಂಡರೆ ಇನ್ನೂ ಒಳ್ಳೇದು.

ಆಟ ಹಲವು ಭಾಷೆಗಳಲ್ಲಿ ಸಿಗುತ್ತದೆ. ಕನ್ನಡಕ್ಕೆ ತರೋಣ ಅಂತ ಹುರುಪು ಬಂದರೆ ಒಂದು ತೊಡಕು ಗೊತ್ತಿರಲಿ. ಇದರಲ್ಲಿ ಅಕ್ಷರಗಳು ಒಂದೊಂದೇ ಪುಟ್ಟ ಚಿತ್ರಗಳು, ಸಾಲಾಗಿ ಜೋಡಿಸುತ್ತಾ ಹೋಗುತ್ತದೆ. ನಮ್ಮ ಗುಣಿತ, ಒತ್ತಕ್ಷರಗಳಿಗೆ ಅಷ್ಟು ಸಾಲದು, ಅಕ್ಷರದ ಕೆಳಗೆ, ಮೇಲೆ, ಪಕ್ಕದಲ್ಲಿ ಜೋಡಿಸಬೇಕು. ಅಂದರೆ ಅನುವಾದಕ್ಕೆ ಮುಂಚೆ ಎಂಜಿನ್‌ಗೇ ಕೈ ಹಾಕಬೇಕು. ಸಿ ಪ್ಲಸ್ ಪ್ಲಸ್ ಬಲ್ಲ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಒಳ್ಳೇ ಪ್ರಾಜೆಕ್ಟ್ ಇದು. ಕೋಡ್ ಪೂರ್ತಿ ತೆರೆದೇ ಇದೆ.

ಕೋಡ್ ಬರದಿದ್ದರೆ ನಕ್ಷೆ ಮಾಡಿ. ನಕ್ಷೆ ಮಾಡುವ ಎಡಿಟರ್ ಅದರಲ್ಲೇ ಇದೆ. ಮೊದಲ ನಕ್ಷೆಗೆ ಬಾದಾಮಿಗಿಂತ ಒಳ್ಳೇ ಜಾಗ ಬೇಕಾ? ನಡುವೆ ಅಗಸ್ತ್ಯ ತೀರ್ಥ, ಎರಡು ಕಡೆ ಕೆಂಪು ಕಲ್ಲಿನ ಗುಡ್ಡ. ಉತ್ತರದ ಗುಡ್ಡದ ಮೇಲೆ ಕೋಟೆ, ದಕ್ಷಿಣದ ಗುಡ್ಡದಲ್ಲಿ ಗುಹೆಗಳು. ಮೊದಲನೇ ಪುಲಕೇಶಿ 543ರಲ್ಲಿ ಅಲ್ಲಿ ಕೋಟೆ ಕಟ್ಟಿದ. 642ರಲ್ಲಿ ಪಲ್ಲವ ನರಸಿಂಹವರ್ಮ ಬಂದು ಹಿಡಿದ. ಅಂದರೆ ಇಬ್ಬರು ಆಟಗಾರರ ನಕ್ಷೆಗೆ ಕಥೆಯೂ ತಯಾರಿದೆ. ಕೆರೆಯನ್ನು ನಡುವೆ ಹಾಕಿ, ಗುಡ್ಡಕ್ಕೆ ಒಂದೇ ಇಕ್ಕಟ್ಟಾದ ದಾರಿ ಬಿಡಿ, ಆ ದಾರಿಯಲ್ಲಿ ಕಾವಲಿಗೆ ಬಲವಾದ ಹಿಂಡು ಕೂಡಿಸಿ. ಗುಹೆಗಳ ಜಾಗದಲ್ಲಿ ನಿಧಿ ಇಡಿ. ಪಲ್ಲವನ ಕಡೆಗೆ ಶುರುವಿನಲ್ಲಿ ಸೈನ್ಯ ಜಾಸ್ತಿ, ಚಾಲುಕ್ಯನ ಕಡೆಗೆ ಗಣಿ ಜಾಸ್ತಿ ಕೊಟ್ಟರೆ ಆಟಕ್ಕೆ ಬಿಸಿ ಬರುತ್ತದೆ. ಎರಡೂ ಕಡೆಯಿಂದ ನೀವೇ ಆಡಿ ನೋಡಿ, ಆಮೇಲೆ ಹಂಚಿ.

12. ಇದಾದ ಮೇಲೆ

ಹೀರೋಸ್ 3 ಇಷ್ಟ ಇದ್ದವರಿಗೆ "ವಿಸಿಎಂಐ" ಅನ್ನೋ ಎಂಜಿನ್ ಇದೆ. 1999ರ ಆ ಆಟಕ್ಕೂ ನಿಮ್ಮ ಸ್ವಂತ ಕಾಪಿ ಬೇಕು. ದುಡ್ಡೇ ಬೇಡ ಅನ್ನುವವರಿಗೆ "ಬ್ಯಾಟಲ್ ಫಾರ್ ವೆಸ್ನಾತ್". 2003ರಲ್ಲಿ ಶುರುವಾದ ಇದು ರೀಮೇಕ್ ಅಲ್ಲ. "ಮಾಸ್ಟರ್ ಆಫ್ ಮಾನ್‌ಸ್ಟರ್ಸ್", "ವಾರ್‌ಸಾಂಗ್" ಅನ್ನೋ ಹಳೇ ಆಟಗಳಿಂದ ಸ್ಫೂರ್ತಿ ಪಡೆದು ಚಿತ್ರ, ಸಂಗೀತ ಎಲ್ಲಾ ಸ್ವಂತ ಮಾಡಿಕೊಂಡಿದ್ದಾರೆ. ಹಕ್ಕಿನ ಚಿಂತೆಯೇ ಇಲ್ಲದಾಗ ಅಭಿಮಾನಿಗಳು ಎಷ್ಟು ದೂರ ಹೋಗಬಹುದು ಅಂತ ಎಫ್‌ಹೀರೋಸ್2ರ ಪಕ್ಕ ಇಟ್ಟು ನೋಡಿ.

ನನ್ನ ಮೆಚ್ಚಿನದು "ಓಪನ್‌ಎಕ್ಸ್‌ಕಾಮ್". 1994ರ "ಎಕ್ಸ್‌ಕಾಮ್" ಆಟದ ಎಂಜಿನ್ನನ್ನು ಮತ್ತೆ ಬರೆದು, 2014ರಲ್ಲಿ 1.0 ಆವೃತ್ತಿ ಬಿಟ್ಟರು. ಮೇಲೆ ಹೇಳಿದ ಹಂತಗಳನ್ನೆಲ್ಲಾ ಅದರ ಮೇಲೂ ಹಾಗೇ ಪ್ರಯೋಗಿಸಬಹುದು. ಒಂದೇ ಎಚ್ಚರಿಕೆ: ಅದರಲ್ಲಿ ಸೈನಿಕರಿಗೆ ನೀವೇ ಹೆಸರಿಡಬಹುದು, ಸತ್ತವರು ಮಾತ್ರ ವಾಪಸ್ ಬರಲ್ಲ. ಮನೆಯವರ ಹೆಸರು ಇಡಬೇಡಿ.